ಗೇರುಬೀಜದ ಸಿಪ್ಪೆಗೂ ಒಂದು ಬೆಲೆಯುಂಟು

ಊರಿಗೆ ಹೋಗಿ ಮುಂಬಯಿಗೆ ಮರಳುವ ತುಳು-ಕನ್ನಡಿಗರ ಚೀಲದಲ್ಲಿ ಹಪ್ಪಳ, ಉಪ್ಪಿನಕಾಯಿ, ಕುಚ್ಚಲಕ್ಕಿಗಳ ನಡುವೆ ಒಂದೆರಡು ಕಿಲೊ ಗೋಡಂಬಿಗೆ ಜಾಗ ಇದ್ದೇ ಇರುತ್ತದೆ. ದೀಪಾವಳಿಯ ಉಡುಗೊರೆ ಡಬ್ಬಿಯಿರಲಿ, ಮದುವೆಮನೆಯ ಪಾಯಸವಿರಲಿ, ಗೋಡಂಬಿ ಇಲ್ಲದೆ ಶೋಭೆಯಿಲ್ಲ. ಆದರೆ ಆ ಬಿಳಿಯ ತಿರುಳನ್ನು ಬಿಡಿಸಿಕೊಂಡ ಮೇಲೆ ಉಳಿದ ಸಿಪ್ಪೆ ಎಲ್ಲಿಗೆ ಹೋಯಿತು ಎಂದು ಕೇಳಿದವರು ಕಡಿಮೆ. ನೂರು ಕಿಲೊ ಗೇರುಬೀಜ ಒಡೆದರೆ ಕೈಗೆ ಸಿಗುವ ತಿರುಳು ಸುಮಾರು 20ರಿಂದ 25 ಕಿಲೊ ಮಾತ್ರ. ಉಳಿದುದರಲ್ಲಿ ಬಹುಪಾಲು ಸಿಪ್ಪೆ. ಆ ಸಿಪ್ಪೆಯಲ್ಲಿ ಅಡಗಿರುವ ಕಪ್ಪು, ಜಿಗುಟು, ಮೈಗೆ ತಾಗಿದರೆ ಸುಡುವ ಎಣ್ಣೆ ಇಂದು ಲಾರಿ-ಬಸ್ಸುಗಳ ಬ್ರೇಕ್ ಲೈನಿಂಗಿಗೆ, ಹಡಗಿನ ತಳಕ್ಕೆ ಬಳಿಯುವ ಬಣ್ಣಕ್ಕೆ, ಕಾರ್ಖಾನೆಯ ನೆಲದ ಲೇಪಕ್ಕೆ ಬೇಕಾದ ಕಚ್ಚಾವಸ್ತುವಾಗಿದೆ.

ಪೆಟ್ರೋಲಿಯಂ ಎಂದರೆ ಜನ ವಾಹನದ ಟಾಕಿಯನ್ನಷ್ಟೇ ನೆನೆಯುತ್ತಾರೆ. ಪ್ಲಾಸ್ಟಿಕ್, ಬಣ್ಣ, ಅಂಟು, ರಬ್ಬರ್, ಔಷಧ ಹೀಗೆ ಮನೆಯೊಳಗಿನ ನೂರಾರು ವಸ್ತುಗಳ ಮೂಲವೂ ಅದೇ ಕಚ್ಚಾತೈಲ. ಬಾವಿಯಿಂದ ಒಮ್ಮೆ ತೆಗೆದರೆ ಅದು ಮತ್ತೆ ತುಂಬುವಂಥದ್ದಲ್ಲ. ಹೀಗಾಗಿ ವರ್ಷವರ್ಷವೂ ಬೆಳೆಯುವ ಗಿಡಮರಗಳಿಂದಲೇ ಈ ವಸ್ತುಗಳನ್ನು ತಯಾರಿಸಬಹುದೇ ಎಂಬ ಪ್ರಶ್ನೆಯನ್ನು ಹಿಡಿದು ದೇಶವಿದೇಶಗಳ ಪ್ರಯೋಗಾಲಯಗಳು ಕೆಲಸ ಮಾಡುತ್ತಿವೆ. ಅವುಗಳಲ್ಲಿ ಎಷ್ಟೋ ಯೋಜನೆಗಳು ಕಾಗದದಲ್ಲೇ ಉಳಿದಿವೆ. ಗೇರುಸಿಪ್ಪೆಯದು ಹಾಗಲ್ಲ. ಅದು ಹೆಚ್ಚುಕಡಿಮೆ ನೂರು ವರ್ಷಗಳಿಂದ ಸದ್ದಿಲ್ಲದೆ ನಡೆದುಬಂದ ವ್ಯಾಪಾರ. ಕರಾವಳಿ ಕರ್ನಾಟಕ ಅದರ ಹಳೆಯ ನೆಲೆಗಳಲ್ಲೊಂದು ಎಂಬುದು ಇಲ್ಲಿ ಉಲ್ಲೇಖಾರ್ಹ.

ಸುಡುವ ಬಳಗ

ಬೇಸಿಗೆ ರಜೆಯಲ್ಲಿ ಗುಡ್ಡೆಗೆ ಹೋಗಿ, ತರಗೆಲೆ ಒಟ್ಟುಮಾಡಿ ಬೆಂಕಿ ಹಾಕಿ ಗೇರುಬೀಜ ಸುಟ್ಟು ತಿಂದವರಿಗೆ ಈ ಎಣ್ಣೆಯ ಪರಿಚಯ ಬೇರೆ ಮಾಡಿಕೊಡಬೇಕಿಲ್ಲ. ಬೀಜ ಬಿಸಿಯಾಗುತ್ತಿದ್ದಂತೆ ಚಟಚಟನೆ ಸಿಡಿದು, ಎಣ್ಣೆ ಹೊರಚಿಮ್ಮಿ ಭುಗ್ಗನೆ ಹೊತ್ತಿಕೊಳ್ಳುತ್ತದೆ. ಅವಸರಪಟ್ಟು ಹಲ್ಲಿನಲ್ಲಿ ಕಚ್ಚಿದವರ ತುಟಿ ವಾರವಿಡೀ ಊದಿಕೊಂಡಿರುತ್ತದೆ. ಮಾವಿನಕಾಯಿಯ ಸೊನೆ ತಾಗಿದರೂ ಆಗುವುದು ಇದೇ. ಅದು ಆಕಸ್ಮಿಕವಲ್ಲ. ಮಾವು, ಅಮಟೆ, ಗೇರು, ಪಿಸ್ತಾ ಎಲ್ಲವೂ ಒಂದೇ ಸಸ್ಯಕುಟುಂಬಕ್ಕೆ ಸೇರಿದವು. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕಲು ಬಳಸುತ್ತಿದ್ದ, ಮರಾಠಿಯವರು ಬಿಬ್ಬಾ ಎಂದು ಕರೆಯುವ ಕಾಡುಬೀಜವೂ ಅದೇ ಬಳಗದ್ದು. ಒಗೆದಷ್ಟೂ ಹೋಗದ ಆ ಕಪ್ಪು ಗುರುತಿನ ಹಿಂದೆ ಇರುವುದು ಗೇರೆಣ್ಣೆಯ ಹತ್ತಿರದ ಸಂಬಂಧಿ.

ನಿಜ ಹೇಳಬೇಕೆಂದರೆ ಗೇರು ಎಂಬ ಹೆಸರು ಮೊದಲು ಆ ಕಾಡುಮರದ್ದೇ. ಇಂದಿನ ಗೇರುಮರ ದಕ್ಷಿಣ ಅಮೆರಿಕದ ಬ್ರೆಜಿಲ್ ಮೂಲದ್ದು. 16ನೆಯ ಶತಮಾನದಲ್ಲಿ ಪೋರ್ಚುಗೀಸರು ತಂದದ್ದು. ಬಂದ ಹೊಸಬನಿಗೆ ಊರಿನವರು ತಮಗೆ ಗೊತ್ತಿದ್ದ ಮರದ ಹೆಸರನ್ನೇ ಕೊಟ್ಟುಬಿಟ್ಟರು. ಕಾಜು ಎಂಬುದು ಮಾತ್ರ ಬ್ರೆಜಿಲಿನ ಮೂಲನಿವಾಸಿಗಳ ಮಾತಿನಿಂದ ಪೋರ್ಚುಗೀಸರ ಬಾಯಿ ಹಾದು ಕೊಂಕಣಿ, ಮರಾಠಿಗಳಿಗೆ ಬಂದ ಪದ.

ಗೇರುಸಿಪ್ಪೆ ಎರಡು ಪದರಗಳದ್ದು. ನಡುವೆ ಜೇನುಗೂಡಿನಂತೆ ಪುಟ್ಟ ಪುಟ್ಟ ಕೋಣೆಗಳಿದ್ದು ಅವುಗಳಲ್ಲಿ ಎಣ್ಣೆ ತುಂಬಿರುತ್ತದೆ. ಸಿಪ್ಪೆಯ ತೂಕದ ಸುಮಾರು ನಾಲ್ಕನೇ ಒಂದು ಪಾಲು ಎಣ್ಣೆಯೇ. ಕೀಟ, ಇಲಿ, ಅಳಿಲುಗಳಿಂದ ತಿರುಳನ್ನು ಕಾಪಾಡಲು ಮರ ಕಟ್ಟಿಕೊಂಡ ಕೋಟೆ ಇದು. ಇದರಲ್ಲಿ ಹೆಚ್ಚಿನ ಭಾಗ ಅನಾಕಾರ್ಡಿಕ್ ಆಮ್ಲ. ಕಾಯಿಸಿದಾಗ ಅದು ಇಂಗಾಲದ ಡೈಆಕ್ಸೈಡನ್ನು ಬಿಟ್ಟು, ನೊರೆನೊರೆಯಾಗಿ ಕುದಿದು, ಕಾರ್ಡನಾಲ್ ಎಂಬ ವಸ್ತುವಾಗುತ್ತದೆ. ಇಡೀ ಉದ್ಯಮ ನಿಂತಿರುವುದು ಈ ಕಾರ್ಡನಾಲ್ ಮೇಲೆ.

ಬೇಕಲೈಟಿನ ತಮ್ಮ

ಕಾರ್ಡನಾಲ್ ಏಕೆ ಬೆಲೆಬಾಳುತ್ತದೆಂದು ತಿಳಿಯಲು ಹಳೆಯ ಚಾಳುಗಳ ಗೋಡೆಯ ಮೇಲಿದ್ದ ಕಂದು ಬಣ್ಣದ ವಿದ್ಯುತ್ ಸ್ವಿಚ್ಚನ್ನು ನೆನಪಿಸಿಕೊಳ್ಳಬೇಕು. ಅದು ಬೇಕಲೈಟ್. ಫಿನಾಲ್ ಮತ್ತು ಫಾರ್ಮಾಲ್ಡಿಹೈಡ್ ಎಂಬ ಎರಡು ರಾಸಾಯನಿಕಗಳನ್ನು ಕೂಡಿಸಿ ಲಿಯೊ ಬೇಕ್‌ಲ್ಯಾಂಡ್ 1907ರಲ್ಲಿ ತಯಾರಿಸಿದ ಪ್ಲಾಸ್ಟಿಕ್. ಒಮ್ಮೆ ಗಟ್ಟಿಯಾದರೆ ಬಿಸಿಗೂ ಕರಗದು. ಫಿನಾಲನ್ನು ಇಂದು ಜಗತ್ತು ವರ್ಷಕ್ಕೆ ಒಂದು ಕೋಟಿ ಟನ್ನಿಗೂ ಮಿಕ್ಕಿ ತಯಾರಿಸುತ್ತದೆ. ಅದರ ಮೂಲ ಬೆಂಜೀನ್ ಮತ್ತು ಪ್ರೊಪಿಲೀನ್, ಅಂದರೆ ಕಚ್ಚಾತೈಲ.

ಕಾರ್ಡನಾಲ್ ಎಂದರೆ ಮರವೇ ತಯಾರಿಸಿಕೊಟ್ಟ ಫಿನಾಲ್. ಒಂದೇ ವ್ಯತ್ಯಾಸ, ಅದಕ್ಕೊಂದು ಉದ್ದದ ಬಾಲವಿದೆ. ಹದಿನೈದು ಇಂಗಾಲದ ಕೊಂಡಿಗಳ ಬಾಲ. ತಲೆ ಫಿನಾಲಿನಂತೆ ಬಿಸಿಯನ್ನು ತಡೆದುಕೊಳ್ಳುತ್ತದೆ, ಬಾಲ ಎಣ್ಣೆಯಂತೆ ಮೃದುತನ ಕೊಡುತ್ತದೆ, ನೀರನ್ನು ದೂರವಿಡುತ್ತದೆ. ಬೇಕಲೈಟ್ ಗಟ್ಟಿ, ಆದರೆ ಬಿದ್ದರೆ ಒಡೆಯುತ್ತದೆ. ಕಾರ್ಡನಾಲಿನ ರಾಳ ಗಟ್ಟಿಯಾಗಿಯೂ ಇರುತ್ತದೆ, ತುಸು ಬಾಗುವುದೂ ಅದಕ್ಕೆ ಗೊತ್ತು. ಈ ಎರಡು ಗುಣಗಳನ್ನು ಒಂದೇ ವಸ್ತುವಿನಲ್ಲಿ ತರಲು ಪೆಟ್ರೋಲಿಯಂ ರಸಾಯನಶಾಸ್ತ್ರ ಸಾಕಷ್ಟು ಬೆವರು ಸುರಿಸಬೇಕು.

ಇದನ್ನು ಮೊದಲು ವ್ಯಾಪಾರಕ್ಕೆ ತಂದವರಲ್ಲಿ ಪ್ರಮುಖ ಹೆಸರು ಅಮೆರಿಕದ ರಸಾಯನಶಾಸ್ತ್ರಜ್ಞ ಮಾರ್ಟಿಮರ್ ಹಾರ್ವೆಯದು. 1920 ಮತ್ತು 30ರ ದಶಕಗಳಲ್ಲಿ ನ್ಯೂಜೆರ್ಸಿಯ ಇರ್ವಿಂಗ್ಟನ್ ವಾರ್ನಿಷ್ ಕಂಪೆನಿಯ ನಂಟಿನಲ್ಲಿ ಆತ ಗೇರೆಣ್ಣೆಯ ರಾಳಗಳಿಗೆ ಸಾಲುಸಾಲು ಪೇಟೆಂಟ್ ಪಡೆದ. ವಾಹನಗಳು ಹೆಚ್ಚುತ್ತಿದ್ದ ಕಾಲವದು. ಬ್ರೇಕ್ ಒತ್ತಿದಾಗ ಹುಟ್ಟುವ ಕಾವಿಗೆ ಲೈನಿಂಗ್ ಕರಗಿ ಜಾರುವುದು, ಕಿರುಚುವುದು ದೊಡ್ಡ ಸಮಸ್ಯೆಯಾಗಿತ್ತು. ಗೇರೆಣ್ಣೆಯ ರಾಳವನ್ನು ಗಟ್ಟಿಮಾಡಿ, ಪುಡಿಮಾಡಿ ಲೈನಿಂಗಿನಲ್ಲಿ ಬೆರೆಸಿದರೆ ಅದು ಕಾವನ್ನು ಹೀರಿಕೊಂಡು ಹಿಡಿತ ಉಳಿಸುತ್ತದೆ, ಕಿರುಚಾಟವನ್ನೂ ತಗ್ಗಿಸುತ್ತದೆ. ಎರಡನೇ ಮಹಾಯುದ್ಧದ ವೇಳೆ ಅಮೆರಿಕ ಸರಕಾರ ಈ ಎಣ್ಣೆಯ ಬಳಕೆಯನ್ನು ನಿಯಂತ್ರಣಕ್ಕೆ ತಂದಿತ್ತೆಂದರೆ ಅದರ ಅಗತ್ಯ ಎಷ್ಟಿತ್ತೆಂದು ಊಹಿಸಬಹುದು. ಆಗ ಎಣ್ಣೆ ಹೋಗುತ್ತಿದ್ದುದು ಭಾರತದ ಪಶ್ಚಿಮ ಕರಾವಳಿಯಿಂದ. ಬ್ರೇಕ್ ಲೈನಿಂಗಿನಲ್ಲಿದ್ದ ಕಲ್ನಾರು ಅಪಾಯಕಾರಿಯೆಂದು ಕಾಲಕ್ರಮೇಣ ಹೊರಬಿತ್ತು, ಗೇರುಪುಡಿ ಮಾತ್ರ ಇನ್ನೂ ಉಳಿದಿದೆ.

ಬೂದಿ ಬಳಿದ ಕೈಗಳು

ಮಂಗಳೂರಿನಲ್ಲಿ ಗೇರುಬೀಜ ಕಾರ್ಖಾನೆಗಳು ಬೇರೂರಿದ್ದು 1920ರ ದಶಕದಲ್ಲಿ, ಪಿಯರ್ಸ್ ಲೆಸ್ಲಿಯಂಥ ಬ್ರಿಟಿಷ್ ಕಂಪೆನಿಗಳ ಕಾಲದಲ್ಲಿ. ಹಂಚು, ಬೀಡಿಗಳ ಜತೆಗೆ ಬೀಜದ ಕಾರ್ಖಾನೆಯೂ ಕರಾವಳಿಯ ಸಾವಿರಾರು ಮನೆಗಳ ಒಲೆ ಉರಿಸಿತು. ಕೆಲಸಕ್ಕಿದ್ದವರು ಬಹುತೇಕ ಮಹಿಳೆಯರು. ಮುಂಬಯಿಯಲ್ಲಿ ಹೊಟೇಲು, ಕ್ಯಾಂಟೀನುಗಳಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತ ಎಷ್ಟೋ ಹುಡುಗರ ತಾಯಂದಿರು, ಅಕ್ಕಂದಿರು ಊರಿನಲ್ಲಿ ಬೀಜದ ಕಾರ್ಖಾನೆಯ ಸೈರನ್ ಕೇಳಿ ಎದ್ದವರು.

ಆ ಕೆಲಸ ಸುಲಭದ್ದಾಗಿರಲಿಲ್ಲ. ಹುರಿದ ಬೀಜವನ್ನು ಮರದ ಕೊಡತಿಯಿಂದ ಒಂದೊಂದಾಗಿ ಒಡೆಯುವಾಗ ಉಳಿದ ಎಣ್ಣೆ ಅಂಗೈಗೆ, ಬೆರಳ ಸಂದಿಗೆ ಇಳಿಯುತ್ತಿತ್ತು. ಚರ್ಮ ಕಪ್ಪಾಗಿ, ಸುಲಿದು, ಬಿರುಕು ಬಿಡುತ್ತಿತ್ತು. ಒಲೆಯ ಬೂದಿ ಅಥವಾ ಎಣ್ಣೆ ಬಳಿದುಕೊಳ್ಳುವುದೊಂದೇ ಅವರಿಗಿದ್ದ ರಕ್ಷಣೆ. ಮದುವೆ, ಕೋಲ, ನೇಮಗಳಿಗೆ ಹೋದಾಗ ಕೈಯನ್ನು ಸೆರಗಿನೊಳಗೆ ಮುಚ್ಚಿಕೊಳ್ಳಬೇಕಾದ ಮುಜುಗರ ಬೇರೆ. ಹಸಿರು ರಸಾಯನ, ಪ್ರಕೃತಿದತ್ತ ವಸ್ತು ಎಂದು ಇಂದು ಹೊಗಳುವಾಗ ಈ ಕೈಗಳ ಮಾತು ಬರುವುದೇ ಇಲ್ಲ ಎಂಬುದು ವಿಷಾದದ ಸಂಗತಿ. ಪ್ರಕೃತಿದತ್ತ ಎಂದ ಮಾತ್ರಕ್ಕೆ ನಿರಪಾಯಕಾರಿ ಎಂದು ಅರ್ಥವಲ್ಲ.

ಸಂಸ್ಕರಣೆಯ ವಿಧಾನ ಬದಲಾದಂತೆ ಎಣ್ಣೆಯ ಹಣೆಬರಹವೂ ಬದಲಾಯಿತು. ತಿರುಗುವ ಡ್ರಮ್ಮಿನಲ್ಲಿ ಹುರಿಯುತ್ತಿದ್ದಾಗ ಎಣ್ಣೆ ಹೊತ್ತಿ ಉರಿದು, ಕಾರ್ಖಾನೆಯ ಸುತ್ತಲಿನವರ ಕಣ್ಣು ಉರಿಸುವ ಹೊಗೆಯಾಗಿ ಹೋಗುತ್ತಿತ್ತು. ನಂತರ ಬಂದದ್ದು ಎಣ್ಣೆಸ್ನಾನದ ವಿಧಾನ. ಸುಮಾರು 190ರಿಂದ 200 ಡಿಗ್ರಿ ಸೆಲ್ಸಿಯಸ್ ಬಿಸಿಯ ಗೇರೆಣ್ಣೆಯ ಕೊಪ್ಪರಿಗೆಯಲ್ಲೇ ಬೀಜವನ್ನು ಮುಳುಗಿಸಿದರೆ ಸಿಪ್ಪೆ ಬಿರಿದು ತನ್ನ ಎಣ್ಣೆಯನ್ನು ಆ ಕೊಪ್ಪರಿಗೆಗೇ ಬಿಟ್ಟುಕೊಡುತ್ತದೆ. ತನ್ನ ಎಣ್ಣೆಯಲ್ಲಿ ತಾನೇ ಕರಿದುಕೊಂಡಂತೆ! ಈಗ ಹೆಚ್ಚು ಬಳಕೆಯಲ್ಲಿರುವುದು ಹಬೆಯಲ್ಲಿ ಬೇಯಿಸಿ, ಯಂತ್ರದ ಬ್ಲೇಡಿನಿಂದ ಸಿಪ್ಪೆ ಸೀಳುವ ಪದ್ಧತಿ. ಇದರಲ್ಲಿ ಎಣ್ಣೆ ಸಿಪ್ಪೆಯಲ್ಲೇ ಉಳಿಯುತ್ತದೆ. ಆ ಸಿಪ್ಪೆಯನ್ನು ಗಾಣದಂಥ ಎಕ್ಸ್‌ಪೆಲ್ಲರಿಗೆ ಹಾಕಿ ಎಣ್ಣೆ ಹಿಂಡುತ್ತಾರೆ. ಹಿಂಡಿದ ಮೇಲಿನ ಹಿಂಡಿ ಬಾಯ್ಲರುಗಳಿಗೆ ಉರುವಲು. ತಿರುಳಿನ ಮೇಲಿನ ಕೆಂಪು ಪೊರೆಯನ್ನೂ ಬಿಸಾಡುವುದಿಲ್ಲ. ಅದರ ಒಗರು ಚರ್ಮ ಹದಮಾಡಲು ಉಪಯೋಗಕ್ಕೆ ಬರುತ್ತದೆ. ಯಂತ್ರಗಳು ಬಂದ ಮೇಲೆ ಕೈಗಳ ಪಾಡು ಎಷ್ಟೋ ಹಗುರವಾಗಿದೆ. ಹಾಗೆಯೇ ಕೆಲಸಗಳೂ ಕಡಿಮೆಯಾಗಿವೆ.

ಹಡಗಿನ ತಳದವರೆಗೆ

ಕರಾವಳಿಯ ಮೊಗವೀರರು ದೋಣಿಯ ಮರ ನೀರಿನಲ್ಲಿ ಕೊಳೆಯದಿರಲೆಂದು ಗೇರೆಣ್ಣೆ ಬಳಿಯುತ್ತಿದ್ದುದು ಹಳಬರಿಗೆ ನೆನಪಿದ್ದೀತು. ಅದೇ ಗುಣ ಇಂದು ಬೇರೆ ವೇಷದಲ್ಲಿ ದೊಡ್ಡ ಹಡಗುಗಳಿಗೆ ಏರಿದೆ. ಕಾರ್ಡನಾಲಿನಿಂದ ತಯಾರಾಗುವ ಫಿನಾಲ್ಕಮೈನ್ ಎಂಬ ವಸ್ತುವನ್ನು ಎಪಾಕ್ಸಿ ಬಣ್ಣಕ್ಕೆ ಬೆರೆಸಿದರೆ ಅದು ಚಳಿಯಲ್ಲೂ ಒದ್ದೆ ಮೇಲ್ಮೈಯಲ್ಲೂ ಬೇಗ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ಹಡಗುಕಟ್ಟೆಗಳಲ್ಲಿ ಬಿಸಿಲಿಗಾಗಿ ಕಾಯುತ್ತ ಕೂರಲಾಗದು. ಹೀಗಾಗಿ ಗೇರಿನ ಈ ಉತ್ಪನ್ನಕ್ಕೆ ಅಲ್ಲಿ ಒಳ್ಳೆಯ ಬೇಡಿಕೆ. ಇಲ್ಲಿ ಗಮನಿಸಬೇಕಾದದ್ದೆಂದರೆ ಗಿರಾಕಿ ಇದನ್ನು ಕೊಳ್ಳುವುದು ಪರಿಸರಪ್ರೇಮದಿಂದ ಮಾತ್ರವಲ್ಲ. ಪೆಟ್ರೋಲಿಯಂ ವಸ್ತುವಿಗಿಂತ ಇದು ಆ ಕೆಲಸವನ್ನು ಚೆನ್ನಾಗಿ ಮಾಡುತ್ತದೆ ಎಂಬ ಕಾರಣಕ್ಕೆ. ಹಸಿರು ಎಂಬ ಹಣೆಪಟ್ಟಿಯೊಂದನ್ನೇ ನಂಬಿ ಮಾರುಕಟ್ಟೆಗಿಳಿದ ವಸ್ತುಗಳು ಬಹುಕಾಲ ಬಾಳಿದ್ದು ಅಪರೂಪ.

ಜಪಾನಿನಲ್ಲಿ ಮರದ ಸಾಮಾನುಗಳಿಗೆ ಬಳಿಯುವ ಸಾಂಪ್ರದಾಯಿಕ ಅರಗಿನಂಥ ಲೇಪವೂ ಮಾವು-ಗೇರಿನ ಕುಟುಂಬದ ಮರವೊಂದರದ್ದೇ. ಅದು ದುಬಾರಿಯಾದ್ದರಿಂದ ಗೇರೆಣ್ಣೆಯ ಬಣ್ಣ ಅಲ್ಲಿ ಅದರ ಬದಲಿಯಾಗಿ ಬಳಕೆಗೆ ಬಂತು. ಅಲ್ಲಿನವರು ಅದನ್ನು ಕರೆಯುವುದೂ ಕಾಜುವಿನ ಹೆಸರಿನಿಂದಲೇ! ಇನ್ನು ಪುಣೆಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ, ಹಿಂದೆ ಪ್ರಾದೇಶಿಕ ಸಂಶೋಧನಾಲಯವೆಂದು ಕರೆಯಲಾಗುತ್ತಿದ್ದ ತಿರುವನಂತಪುರದ ಸಂಸ್ಥೆಗಳಲ್ಲಿ ಕಾರ್ಡನಾಲಿನಿಂದ ಹೊಸ ಬಗೆಯ ಪಾಲಿಮರುಗಳನ್ನು ರೂಪಿಸುವ ಸಂಶೋಧನೆ ದಶಕಗಳಿಂದ ನಡೆದಿದೆ. ಹಾರ್ವೆಯ ಕಾಲದ ಉದ್ಯಮದಿಂದ ಬೆಳೆದುಬಂದ ಅಮೆರಿಕದ ಕಾರ್ಡೊಲೈಟ್ ಕಂಪೆನಿ ಮಂಗಳೂರಿನ ವಿಶೇಷ ಆರ್ಥಿಕ ವಲಯದಲ್ಲಿ ತನ್ನ ಕಾರ್ಖಾನೆ ಸ್ಥಾಪಿಸಿದೆ. ಕಚ್ಚಾತೈಲ ಸಂಸ್ಕರಿಸುವ ಎಂಆರ್‌ಪಿಎಲ್ ಇರುವುದೂ ಅದೇ ಪರಿಸರದಲ್ಲಿ. ಒಂದು ಕಡೆ ಭೂಗರ್ಭದ ಎಣ್ಣೆ, ಇನ್ನೊಂದು ಕಡೆ ಗುಡ್ಡೆಯ ಎಣ್ಣೆ.

ಒಂದು ವಸ್ತುವಿನಲ್ಲಿರುವ ಇಂಗಾಲ ಎಲ್ಲಿಂದ ಬಂತೆಂದು ಪತ್ತೆಹಚ್ಚುವ ಪರೀಕ್ಷೆಯೂ ಇದೆ. ಪುರಾತತ್ತ್ವದವರು ಹಳೆಯ ಮರದ ತುಂಡಿನ ವಯಸ್ಸು ಹೇಳಲು ಬಳಸುವ ರೇಡಿಯೊ ಇಂಗಾಲದ ವಿಧಾನವೇ ಅದು. ಗಾಳಿಯಿಂದ ಇಂಗಾಲ ಹೀರಿ ಬೆಳೆದ ಗೇರುಮರದ ಎಣ್ಣೆಯಲ್ಲಿ ರೇಡಿಯೊ ಇಂಗಾಲ ಇರುತ್ತದೆ. ಕೋಟ್ಯಂತರ ವರ್ಷ ನೆಲದಡಿಯಲ್ಲಿದ್ದ ಕಚ್ಚಾತೈಲದಲ್ಲಿ ಅದು ಪೂರ್ತಿ ಕರಗಿಹೋಗಿರುತ್ತದೆ. ಹೀಗಾಗಿ ಡಬ್ಬಿಯ ಮೇಲೆ ಸಸ್ಯಮೂಲ ಎಂದು ಬರೆದು ಒಳಗೆ ಪೆಟ್ರೋಲಿಯಂ ತುಂಬಿದರೆ ಪ್ರಯೋಗಾಲಯದಲ್ಲಿ ಸಿಕ್ಕಿಬೀಳುವುದು ಖಂಡಿತ.

ಉರಿಸುವುದೋ, ಉಳಿಸುವುದೋ

ಗೇರೆಣ್ಣೆಯನ್ನು ನೇರವಾಗಿ ಉರುವಲಾಗಿ ಬಳಸುವವರೂ ಇದ್ದಾರೆ. ಕುಲುಮೆಗಳಲ್ಲಿ, ಬಾಯ್ಲರುಗಳಲ್ಲಿ ಫರ್ನೇಸ್ ಆಯಿಲ್ ಬದಲಿಗೆ ಅದು ಉರಿಯುತ್ತದೆ. ಹಡಗುಗಳ ಹೊಗೆಯ ಮೇಲೆ ನಿರ್ಬಂಧ ಬಿಗಿಯಾಗುತ್ತ ಬಂದಂತೆ ಅಗ್ಗದ ಜೈವಿಕ ಇಂಧನವೆಂದು ಇದನ್ನು ಹಡಗಿನ ಎಣ್ಣೆಗೂ ಬೆರೆಸತೊಡಗಿದರು. ಪರಿಣಾಮ ಚೆನ್ನಾಗಿರಲಿಲ್ಲ. 2022ರಲ್ಲಿ ಯುರೋಪಿನ ಬಂದರುಗಳಲ್ಲಿ ಇಂಥ ಬೆರಕೆ ಇಂಧನ ತುಂಬಿಸಿಕೊಂಡ ಕೆಲವು ಹಡಗುಗಳಲ್ಲಿ ಫಿಲ್ಟರುಗಳು ಕಟ್ಟಿಕೊಂಡು, ಇಂಧನ ಸಿಂಪಡಿಸುವ ಭಾಗಗಳು ಕೆಟ್ಟವೆಂದು ವರದಿಯಾಯಿತು. ಬೇಗನೆ ಗಟ್ಟಿಯಾಗಿ ಕಚ್ಚಿಕೊಳ್ಳುವ ಗುಣ ಬಣ್ಣದಲ್ಲಿ ವರ, ಇಂಜಿನಿನಲ್ಲಿ ಶಾಪ. ಬ್ರೇಕಿಗೂ ಬಣ್ಣಕ್ಕೂ ಒದಗುವ ವಸ್ತುವನ್ನು ಸುಟ್ಟು ಬೂದಿಮಾಡುವುದು ಗಂಧದ ಕೊರಡನ್ನು ಒಲೆಗೆ ಹಾಕಿದಂತೆಯೇ ಸರಿ.

ಸಸ್ಯಮೂಲದ ಇಂಧನಗಳ ಬಗ್ಗೆ ದೇಶದಲ್ಲಿ ದೊಡ್ಡ ದೊಡ್ಡ ಮಾತುಗಳು ಹಿಂದೆಯೂ ಕೇಳಿಬಂದಿದ್ದವು. 2003ರಲ್ಲಿ ಯೋಜನಾ ಆಯೋಗದ ಸಮಿತಿ ಜಟ್ರೋಫಾ ಗಿಡವನ್ನು ಹೊಗಳಿತು. ಪಾಳುಭೂಮಿಯಲ್ಲಿ ನೀರಿಲ್ಲದೆ ಬೆಳೆದು ಡೀಸೆಲ್ ಕೊಡುತ್ತದೆ ಎಂಬ ಆಸೆಯಿಂದ ಅನೇಕ ರೈತರು ನೆಟ್ಟರು. ನೀರಿಲ್ಲದೆ ಗಿಡವೇನೋ ಬದುಕಿತು, ಕಾಯಿ ಬಿಡಲಿಲ್ಲ. 2017ರೊಳಗೆ ಶೇ. 20 ಜೈವಿಕ ಇಂಧನ ಬೆರೆಸಬೇಕೆಂದು 2009ರ ರಾಷ್ಟ್ರೀಯ ನೀತಿ ಹಾಕಿಕೊಂಡಿದ್ದ ಗುರಿ ಡೀಸೆಲಿನಲ್ಲಿ ಹತ್ತಿರವೂ ಸುಳಿಯಲಿಲ್ಲ. ಪೆಟ್ರೋಲಿಗೆ ಶೇ. 20 ಎಥೆನಾಲ್ ಬೆರೆಸುವ ಗುರಿಯನ್ನು ದೇಶ 2025ರಲ್ಲಿ ಮುಟ್ಟಿತು. ಆದರೆ ಅದಕ್ಕೆ ಬೇಕಾದ ಕಬ್ಬು ನೀರು ಕುಡಿಯುವ ಬೆಳೆ, ಮೆಕ್ಕೆಜೋಳ ಕೋಳಿ-ದನಗಳ ಬಾಯಿಯ ತುತ್ತು. ಗೇರುಸಿಪ್ಪೆಗೆ ಈ ತಕರಾರು ಇಲ್ಲ. ಯಾರ ಅನ್ನವನ್ನೂ ಅದು ಕಸಿಯುವುದಿಲ್ಲ, ಹೊಸದಾಗಿ ಒಂದು ಸೆಂಟ್ಸ್ ಜಾಗವನ್ನೂ ಕೇಳುವುದಿಲ್ಲ. ಜನ ಗೋಡಂಬಿ ತಿಂದಷ್ಟು ಕಾಲ ಸಿಪ್ಪೆ ತಾನಾಗಿ ಸಿಗುತ್ತದೆ.

ಮಿತಿಯೂ ಅದೇ. ತಿಂದಷ್ಟೇ ಸಿಪ್ಪೆ, ಸಿಪ್ಪೆಯಿದ್ದಷ್ಟೇ ಎಣ್ಣೆ. ಇಡೀ ಜಗತ್ತಿನ ಗೇರುಸಿಪ್ಪೆಯನ್ನು ಹಿಂಡಿದರೂ ಪೆಟ್ರೋಲಿಯಂ ಫಿನಾಲಿನ ಒಂದು ಸಣ್ಣ ಭಾಗಕ್ಕೆ ಸಮವಾದೀತು, ಅಷ್ಟೇ.

ಸಿಪ್ಪೆ ಬರುವುದೆಲ್ಲಿಂದ?

ಮಂಗಳೂರಿನ ಕಾರ್ಖಾನೆಗಳಲ್ಲಿ ಒಡೆಯುವ ಬೀಜವೆಲ್ಲ ಊರಿನದ್ದೇ ಎಂದು ಭಾವಿಸಿದವರು ಬಹಳ. ವಾಸ್ತವದಲ್ಲಿ ದೇಶದ ಕಾರ್ಖಾನೆಗಳಿಗೆ ಬೇಕಾಗುವ ಬೀಜದಲ್ಲಿ ಸರಿಸುಮಾರು ಅರ್ಧ ಅಥವಾ ಅದಕ್ಕಿಂತ ಹೆಚ್ಚು ಆಫ್ರಿಕಾದಿಂದ ಹಡಗಿನಲ್ಲಿ ಬರುತ್ತದೆ. ಐವರಿಕೋಸ್ಟ್, ತಾಂಜಾನಿಯಾ, ಬೆನಿನ್, ಘಾನಾ, ಗಿನಿ ಬಿಸ್ಸಾವು ದೇಶಗಳ ಬೀಜ ಕರಾವಳಿಯಲ್ಲಿ ಸಿಪ್ಪೆ ಕಳಚಿಕೊಂಡು ಗೋಡಂಬಿಯಾಗುತ್ತದೆ. ಹೀಗಾಗಿ ಹಿಂಡುವ ಎಣ್ಣೆಯಲ್ಲೂ ಆಫ್ರಿಕಾದ ಪಾಲು ದೊಡ್ಡದು. ಗೋಡಂಬಿ ರಫ್ತಿನಲ್ಲಿ ಮುಂಚೂಣಿಯಲ್ಲಿದ್ದ ಭಾರತವನ್ನು ವಿಯೆಟ್ನಾಂ 2006ರ ಸುಮಾರಿಗೆ ಹಿಂದಿಕ್ಕಿತು. ಈಗ ಬೀಜ ಬೆಳೆಯುವುದರಲ್ಲಿ ಜಗತ್ತಿಗೇ ಮೊದಲಿಗನಾದ ಐವರಿಕೋಸ್ಟ್, ಹಸಿಬೀಜ ಕಳಿಸುವ ಬದಲು ತನ್ನಲ್ಲೇ ಒಡೆಯುವ ಕಾರ್ಖಾನೆಗಳನ್ನು ಹೆಚ್ಚಿಸುತ್ತಿದೆ. ಅದು ಅವರ ನ್ಯಾಯವಾದ ಹಕ್ಕು. ಆದರೆ ಬೀಜ ಅಲ್ಲಿ ಒಡೆದರೆ ಸಿಪ್ಪೆಯೂ ಅಲ್ಲೇ. ಕರಾವಳಿಯ ಎಕ್ಸ್‌ಪೆಲ್ಲರುಗಳಿಗೆ ಮುಂದೆ ಸಿಪ್ಪೆ ಸಾಲಬೇಕಾದರೆ ಊರಿನ ಗುಡ್ಡೆಗಳಲ್ಲೇ ಬೀಜ ಹೆಚ್ಚಬೇಕು.

ಈ ಮಾತು ಮುಂಬಯಿ, ಪುಣೆಯ ಕನ್ನಡಿಗರಿಗೂ ಸಂಬಂಧಿಸಿದ್ದು. ಊರಿನಲ್ಲಿ ಹಿರಿಯರು ಬಿಟ್ಟುಹೋದ ಎರಡು-ಮೂರು ಎಕರೆ ಗುಡ್ಡೆ ಅನೇಕರಿಗಿದೆ. ಅಲ್ಲಿನ ಮುದಿ ಗೇರುಮರಗಳು ಆರೈಕೆಯಿಲ್ಲದೆ ಬಂದಳಕ ಹಿಡಿದು ನಿಂತಿವೆ. ಕೆಲವರು ಕಡಿದು ರಬ್ಬರ್ ಹಾಕಿದರು, ಕೆಲವರು ಜಾಗವನ್ನೇ ಮಾರಿದರು. ಪುತ್ತೂರಿನಲ್ಲಿ 1986ರಲ್ಲಿ ಆರಂಭವಾದ ರಾಷ್ಟ್ರೀಯ ಗೇರು ಸಂಶೋಧನಾ ಕೇಂದ್ರ, ಈಗಿನ ಗೇರು ಸಂಶೋಧನಾ ನಿರ್ದೇಶನಾಲಯ, ಕಸಿ ಗಿಡಗಳನ್ನೂ ಹಳೆಯ ಮರಗಳನ್ನು ಸವರಿ ಚಿಗುರಿಸುವ ತಿಳಿವಳಿಕೆಯನ್ನೂ ರೈತರಿಗೆ ನೀಡುತ್ತಿದೆ. ಮಹಾರಾಷ್ಟ್ರದ ವೆಂಗುರ್ಲಾದಲ್ಲೂ ಗೇರಿನ ಕಸಿಗೆ ಹೆಸರಾದ ಸಂಶೋಧನಾ ಕೇಂದ್ರವಿದೆ. ಗೇರು ಅಡಕೆಯಂತೆ ನೀರು ಕೇಳದು. ಮುರ್ಕಲ್ಲಿನ ಗುಡ್ಡದಲ್ಲೂ ಬದುಕುತ್ತದೆ. ಹೂ ಬಿಡುವ ಹೊತ್ತಿಗೆ ಟೀ ಸೊಳ್ಳೆಯ ಕಾಟ ತಪ್ಪಿದರೆ ಸಾಕು.

ಆ ಟೀ ಸೊಳ್ಳೆಯನ್ನು ಕೊಲ್ಲಲು ಕಾಸರಗೋಡು ಮತ್ತು ದಕ್ಷಿಣ ಕನ್ನಡದ ಗೇರು ತೋಪುಗಳ ಮೇಲೆ ಹೆಲಿಕಾಪ್ಟರಿನಿಂದ ವರ್ಷಗಟ್ಟಲೆ ಎಂಡೋಸಲ್ಫಾನ್ ಸುರಿಸಿದ ಕತೆಯನ್ನು ಯಾರೂ ಮರೆಯುವಂತಿಲ್ಲ. 2000ದ ಹೊತ್ತಿಗೆ ಆ ಸಿಂಪಡಣೆ ನಿಂತಿತು, 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನೇ ತಡೆಯಿತು. ಕೊಕ್ಕಡ, ಪಟ್ರಮೆಯ ಕಡೆ ಹಾಸಿಗೆ ಹಿಡಿದ ಮಕ್ಕಳನ್ನು ನೋಡಿಕೊಂಡ ತಾಯಂದಿರಿಗೆ ಅದರಿಂದ ಏನೂ ಮರಳಿ ಬರಲಿಲ್ಲ. ಗೇರಿನ ಎಣ್ಣೆ ಪೆಟ್ರೋಲಿಯಮ್ಮಿಗಿಂತ ಶುದ್ಧ ಎನ್ನುವ ಲೆಕ್ಕದಲ್ಲಿ ತೋಪಿನಲ್ಲಿ ಏನು ಸಿಂಪಡಿಸಿದರು ಎಂಬುದೂ ಸೇರಬೇಕು.

ಇನ್ನೊಂದು ನಷ್ಟ ಪ್ರತಿ ಮಾರ್ಚ್-ಏಪ್ರಿಲ್‌ನಲ್ಲಿ ಕಣ್ಣೆದುರೇ ನಡೆಯುತ್ತದೆ. ಬೀಜಕ್ಕಿಂತ ಐದಾರು ಪಟ್ಟಾದರೂ ಹೆಚ್ಚು ತೂಗುವ ಗೇರುಹಣ್ಣು ಮರದಡಿಯಲ್ಲಿ ಬಿದ್ದು ಕೊಳೆಯುತ್ತದೆ. ಗೋವೆಯವರು ಅದರಿಂದ ಫೆನ್ನಿ ಇಳಿಸಿ 2009ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯನ್ನೂ ಪಡೆದರು. ಗಡಿಯ ಈಚೆ ಹಣ್ಣನ್ನು ತಿರುಚಿ ಬೀಜ ಕಿತ್ತುಕೊಂಡು, ಹಣ್ಣನ್ನು ದನಕ್ಕೋ ಹೊಂಡಕ್ಕೋ ಎಸೆಯುತ್ತಾರೆ. ಸಕ್ಕರೆ ತುಂಬಿದ ಆ ರಸದಿಂದ ಪಾನಕ, ಸಿರಪ್, ವಿನೆಗರ್ ತಯಾರಿಸುವುದು ಕಷ್ಟವೇನಲ್ಲ. ಕೊಯ್ದ ದಿನವೇ ಹುಳಿಯಾಗತೊಡಗುವ ಹಣ್ಣನ್ನು ಚದುರಿಹೋದ ಗುಡ್ಡೆಗಳಿಂದ ಸಂಜೆಯೊಳಗೆ ಒಂದೆಡೆ ಸೇರಿಸುವುದೇ ತೊಡಕು. ಬೀಜವನ್ನಾದರೆ ಒಣಗಿಸಿ, ಗೋಣಿಯಲ್ಲಿ ತುಂಬಿ, ಮಳೆಗಾಲ ಕಳೆಯುವವರೆಗೂ ಇಟ್ಟುಕೊಳ್ಳಬಹುದು.